ಗೇರ್ ವೈರಿಗೆ ಮೇಣ ಹಚ್ಚಿದ ಚಳಿಗಾಲ

ಮೊನ್ನೆ ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ಹೊಸದಾಗಿ ತೆರೆದಿರುವ ಸೈಕಲ್ ಅಂಗಡಿಗೆ ಮೊಮ್ಮಗಳ ಜೊತೆ ಹೋಗಿದ್ದೆ. ಅದು ಹೆಸರಿಗೆ ಮಾತ್ರ ಅಂಗಡಿ. ಮದುವೆ ಹಾಲಿನಷ್ಟು ದೊಡ್ಡದು, ಒಳಗೆ ಎಸಿ ಬೇರೆ. ಅಲ್ಲಿಯ ಮೆಕ್ಯಾನಿಕ್ ಒಂದು ಪೊಟ್ಟಣ ಹರಿದು ಗೇರಿನ ಹೊಸ ವೈರಿನ ಸುರುಳಿಯನ್ನು ಹೊರಗೆ ತೆಗೆದ. ಎಣ್ಣೆಯ ವಾಸನೆ, ಗ್ರೀಸಿನ ವಾಸನೆ, ಅವುಗಳ ಹಿಂದೆ ಸಣ್ಣಗೆ ಉಕ್ಕಿನ ವಾಸನೆ. ನನಗೆ ನಗು ಬಂತು. "ಕ್ಯಾ ಹುವಾ ಅಜ್ಜಿ, ಯಾಕೆ ನಗ್ತಾ ಇದೆ ನೀನು?" ಎಂದು ಮೊಮ್ಮಗಳು ತನ್ನ ಮುಂಬೈ ಕನ್ನಡದಲ್ಲಿ ಕೇಳಿದಳು. ಏನಿಲ್ಲ ಎಂದೆ. ಹೇಳಲು ಕೂತರೆ ಅವಳ ಸೈಕಲ್ಲಿನ ವೈರು ಹಾಕಿ ಮುಗಿಯುವಷ್ಟರಲ್ಲಿ ಮುಗಿಯುವ ಕತೆಯಲ್ಲ ಅದು. ಮನೆಗೆ ಬಂದು ಬರೆಯಲು ಕೂತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತು ತುಂಬಿತ್ತು, ಮದುವೆಯಾಗಿ ಏಳು ತಿಂಗಳು. ಗುಳೇದಗುಡ್ಡದ ನೇಕಾರರ ಮನೆಯಿಂದ ಎದ್ದು ವಡಾಲದ ಚಾಳಿನ ಎರಡನೇ ಮಾಳಿಗೆಯ ಒಂದು ಕೋಣೆಗೆ ಬಂದಿದ್ದೆ. ಬಂದು ನೋಡಿದರೆ ಆ ಕೋಣೆಯಲ್ಲಿ ನನಗಿಂತ ಮೊದಲೇ ಒಬ್ಬಳು ಸೇರಿಕೊಂಡಿದ್ದಳು. ಜಂತಿಗೆ ಹೊಡೆದ ಎರಡು ಕೊಕ್ಕೆಗಳಿಗೆ ತೂಗಿಕೊಂಡು, ಮೈತುಂಬ ಎಣ್ಣೆ ಹಚ್ಚಿಸಿಕೊಂಡು, ಹಳೇ ಪಂಚೆಯೊಂದನ್ನು ಹೊದ್ದಿದ್ದಳು. ಅದು ನಮ್ಮ ಮನೆಯವರ ರೇಸಿನ ಸೈಕಲ್ಲು. ಅವರ ಹೆಸರು ಹೇಳುವ ರೂಢಿ ನನಗೆ ಆಗಲೂ ಇರಲಿಲ್ಲ, ಅವರು ಹೋದ ಮೇಲೆ ಹೊಸದಾಗಿ ಕಲಿತು ಏನಾಗಬೇಕು. 'ಇವರು' ಎಂದೇ ಬರೆಯುತ್ತೇನೆ. ಊರ ಮಂದಿಯೆಲ್ಲ ಬಸಣ್ಣ ಎನ್ನುತ್ತಿದ್ದರು.

ಅದು ಹಡಗಿನ ಖಲಾಸಿಯೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ವಿಲಾಯತಿ ಸೈಕಲ್ಲು. ಬಂದರಿನಲ್ಲಿ ಕೆಲಸಕ್ಕಿದ್ದ ಗೆಳೆಯನ ಮೂಲಕ ಇವರ ಕೈಗೆ ಬಂದಿತ್ತು. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ಲು. ಹಿಂದಿನ ಗಾಲಿಗೆ ಸಣ್ಣದು ದೊಡ್ಡದು ಸೇರಿ ಐದು ಹಲ್ಲಿನ ಚಕ್ರಗಳು. ಮುಂದೆ ಎರಡು. ಪೆಡಲಿನ ಕಡೆಗೆ ಇಳಿಯುವ ಓರೆ ಪೈಪಿನ ಮೇಲೆ ಎರಡು ಸಣ್ಣ ಹಿಡಿಕೆಗಳು. ಹಿಡಿಕೆ ಎಳೆದರೆ ಹುರಿಯಂತೆ ಹೊಸೆದ ಸಣ್ಣ ಉಕ್ಕಿನ ವೈರು ಬಿಗಿಯುತ್ತದೆ, ವೈರು ಬಿಗಿದರೆ ಚೈನು ಹಿಂದಿನ ಗಾಲಿಯ ಒಂದು ಚಕ್ರದಿಂದ ಅದಕ್ಕಿಂತ ದೊಡ್ಡ ಚಕ್ರಕ್ಕೆ ಏರುತ್ತದೆ, ದಿಬ್ಬ ಹತ್ತುವುದು ಹಗುರಾಗುತ್ತದೆ. ಇಷ್ಟನ್ನು ಇವರು ಮದುವೆಯ ಮೊದಲ ವಾರದಲ್ಲೇ ನನಗೆ ಪಾಠ ಮಾಡಿದ್ದರು. ಬೇರೆ ಗಂಡಂದಿರು ಆ ವಾರ ಹೆಂಡತಿಗೆ ಚೌಪಾಟಿ ತೋರಿಸುತ್ತಾರೆ ಎಂದು ನನಗೆ ಆಮೇಲೆ ಚಾಳಿನ ಹೆಂಗಸರಿಂದ ತಿಳಿಯಿತು. ದಿನಾ ಬೆಳಿಗ್ಗೆ ನಾನು ನಳದ ನೀರಿಗೆ ಪಾಳಿ ಹಚ್ಚುವ ಹೊತ್ತಿಗೆ ಇವರು ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಿದ್ದರು. ಸವತಿಯನ್ನು ಅಷ್ಟು ನಾಜೂಕಾಗಿ ಇಳಿಸುವವರು ನನ್ನ ಕೈಯ ಕೊಡವನ್ನು ಒಂದು ದಿನವಾದರೂ ಇಸಿದುಕೊಂಡಿದ್ದರೆ ಕೇಳಿ.

ಕೆಲಸ ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ, ಫಿಟ್ಟರ್. ನಾಲ್ಕು ವರ್ಷದಿಂದ ಟೆಂಪರರಿ. ಕೆಲವು ತಿಂಗಳಾಗುತ್ತಲೇ 'ಬ್ರೇಕ್' ಎಂದು ಮನೆಗೆ ಕಳಿಸುತ್ತಿದ್ದರು. ಸತತ ಇಟ್ಟುಕೊಂಡರೆ ಕಾಯಂ ಮಾಡಬೇಕಾಗುತ್ತದಲ್ಲ, ಅದಕ್ಕೆ. ಮುಂದಿನ ಬ್ರೇಕ್ ಫೆಬ್ರವರಿಗೆ ಇತ್ತು. ಅದಾದರೆ ಕೋಣೆ ಬಿಡಬೇಕು, ನಾನು ಗುಳೇದಗುಡ್ಡಕ್ಕೆ, ಇವರು ಯಾರದೋ ಖೋಲಿಯಲ್ಲಿ ನಾಲ್ಕು ಜನರ ನಡುವೆ. ಆದರೆ ಆ ಕಾರ್ಖಾನೆಯ ಸ್ಪೋರ್ಟ್ಸ್ ಸಾಹೇಬರಿಗೆ ಸೈಕಲ್ ರೇಸಿನ ಹುಚ್ಚು. ಕಂಪನಿಯ ಎಂಟು ಸೈಕಲ್ಲುಗಳ ಟೀಮು ಕಟ್ಟಿದ್ದರು, ಇವರದು ಸ್ವಂತದ್ದು, ಒಂಬತ್ತನೆಯದು. ಜನವರಿಯ ರೇಸಿನಲ್ಲಿ ಟೆಂಪರರಿಯವರು ಯಾರಾದರೂ ಮೊದಲ ಐದರೊಳಗೆ ಬಂದರೆ ಕಾಯಂ ಕಾಗದ ಕೊಡಿಸುತ್ತೇನೆ ಎಂದು ಇವರಿಗೆ ಮಾತು ಕೊಟ್ಟಿದ್ದರು. ಸಾಯನ್‌ನಿಂದ ಹೊರಟು ಬಾಂದ್ರಾ ದಾಟಿ, ಹೈವೇ ಹಿಡಿದು ಬೋರಿವಲಿಗೆ, ಅಲ್ಲಿಂದ ಕಾಡಿನೊಳಗೆ ಕಾನ್ಹೇರಿ ಗುಹೆಗಳವರೆಗೆ ಏರು. ಆ ಮಳೆಗಾಲ ಮುಗಿದದ್ದೇ ತಡ, ನಮ್ಮ ಮನೆಯಲ್ಲಿ ಉಣ್ಣುವುದು, ಮಲಗುವುದು, ಏಳುವುದು ಎಲ್ಲ ಆ ಏರಿನ ಲೆಕ್ಕದಲ್ಲೇ ನಡೆಯಿತು. ಇವರು ವಡಾಲದಿಂದ ಕಾಂದಿವಲಿಗೆ ಲೋಕಲ್ ಬಿಟ್ಟು ಸೈಕಲ್ ಮೇಲೆಯೇ ಹೋಗಿ ಬರತೊಡಗಿದರು. ನಾನು ದಿನಕ್ಕೆ ಎಂಟು ಜೋಳದ ರೊಟ್ಟಿ ಬಡಿಯತೊಡಗಿದೆ.

ಚಾಳಿನ ಎದುರಿಗೇ ಹುಸೇನ್ ಚಾಚಾನ ಸೈಕಲ್ ಅಂಗಡಿ. ಬಾದಾಮಿ ಕಡೆಯವರು, ಮುಂಬೈಗೆ ಬಂದು ಮೂವತ್ತು ವರ್ಷ. ಹೆಂಡತಿ ಮಕ್ಕಳ ಜೊತೆ ದಖನಿ ಉರ್ದು, ಗಿರಾಕಿಗಳ ಜೊತೆ ಹಿಂದಿ, ನಮ್ಮ ಜೊತೆ ಮಲಪ್ರಭೆಯ ನೀರು ಕುಡಿದ ಕನ್ನಡ. ನಾನು ಊರು ಬಿಟ್ಟು ಬಂದ ಹೊಸದರಲ್ಲಿ ಆ ಕನ್ನಡ ಕೇಳಲಿಕ್ಕೆಂದೇ ಗ್ಯಾಲರಿಯಲ್ಲಿ ನಿಲ್ಲುತ್ತಿದ್ದೆ. ಸಾಹೇಬರ ಟೀಮಿನ ಎಂಟೂ ಸೈಕಲ್ಲುಗಳ ರಿಪೇರಿ ಚಾಚಾನ ಕೈಯಲ್ಲೇ. ಗೇರಿನ ಸೈಕಲ್ಲು ಬಿಚ್ಚಿ ಕಟ್ಟಬಲ್ಲವರು ಆಗ ಇಡೀ ಮುಂಬೈಯಲ್ಲಿ ಬೆರಳೆಣಿಕೆಯಷ್ಟು ಜನ. ಅದರ ಸಾಮಾನಂತೂ ಅಂಗಡಿಗಳಲ್ಲಿ ಸಿಗುತ್ತಲೇ ಇರಲಿಲ್ಲ. ವಿಲಾಯತಿ ಗೇರ್ ವೈರು ಬೇಕೆಂದರೆ ಫೋರ್ಟಿನ ಒಂದೆರಡು ಅಂಗಡಿಗಳಿಗೆ ತಿಂಗಳುಗಟ್ಟಲೆ ಅಲೆಯಬೇಕು, ಇಲ್ಲವೇ ಯಾವುದಾದರೂ ಹಡಗು ಬರಬೇಕು.

ವಡಾಲದಲ್ಲಿ ವೈರು ಬೇಗ ಸಾಯುತ್ತದೆ. ಉಪ್ಪಿನ ಗದ್ದೆಗಳ ಮೇಲಿಂದ ಬೀಸುವ ಗಾಳಿಗೆ ನಮ್ಮ ಬಾಗಿಲ ಚಿಲಕ, ತಗಡಿನ ಟ್ರಂಕು, ನನ್ನ ತಲೆಪಿನ್ನುಗಳಿಗೂ ತುಕ್ಕು ಹತ್ತುತ್ತಿತ್ತು. ಅದಕ್ಕೆ ಇವರು ಶನಿವಾರ ಸಂಜೆಗೊಮ್ಮೆ ಸೈಕಲ್ಲನ್ನು ಇಳಿಸಿ, ಮೆತ್ತನೆಯ ಪಂಚೆಯ ಚೂರೊಂದನ್ನು ವೈರಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದರು. ಬಟ್ಟೆ ಜಾರಿ ಹೋದರೆ ವೈರು ಗಟ್ಟಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಎಳೆ ಕಡಿದು ಎದ್ದಿದೆ ಎಂದರ್ಥ, ವೈರು ಬದಲಿಸಬೇಕು. ಇದು ಚಾಚಾ ಕಲಿಸಿದ ಪರೀಕ್ಷೆ. ಇದನ್ನು ಮಾತ್ರ ಇವರು ನನಗೆ ಪಾಠ ಮಾಡಿರಲಿಲ್ಲ. ಪಂಚೆಯ ಚೂರು ಧೂಳು ಒರೆಸಲಿಕ್ಕೆ ಎಂದೇ ನಾನು ತಿಳಿದಿದ್ದೆ.

ರೇಸಿಗೆ ಹತ್ತು ದಿನವಿತ್ತು. ಮುಂಬೈಗೆ ಚಳಿ ಎಂದು ಬರುವುದು ಒಂದು ಹದಿನೈದು ದಿನ, ಅದು ಬಂದಿತ್ತು. ಇವರು ಎರಡನೇ ಪಾಳಿಯ ಕೆಲಸಕ್ಕೆಂದು ಆ ದಿನ ಲೋಕಲ್ಲಿನಲ್ಲಿ ಹೋಗಿದ್ದರು, ಸೈಕಲ್ಲು ಮನೆಯಲ್ಲಿತ್ತು. ಕಸ ಹೊಡೆಯುವಾಗ ಜಂತಿಯ ಜೇಡರ ಬಲೆ ತೆಗೆಯಹೋಗಿ ವೈರಿಗೆ ಕೈ ತಗುಲಿತು. ಬೆರಳಿಗೆ ಚುರ್ ಎಂದು ಚುಚ್ಚಿ ಒಂದು ಹನಿ ರಕ್ತ ಬಂತು. ನೋಡಿದರೆ ಹಿಡಿಕೆಯ ಹತ್ತಿರ, ವೈರು ಬಾಗುವ ಕಡೆ, ನಾಲ್ಕೈದು ಎಳೆಗಳು ಎದ್ದು ನಿಂತಿದ್ದವು, ಬೆಕ್ಕಿನ ಮೀಸೆಯ ಹಾಗೆ ಅಡ್ಡಾದಿಡ್ಡಿ.

ಈಗ ನನ್ನ ತವರಿನ ಮಾತು ಹೇಳಬೇಕು. ನಮ್ಮದು ಕುಪ್ಪಸದ ಖಣ ನೇಯುವ ಮನೆ. ಮಗ್ಗದಿಂದ ಇಳಿದ ಖಣವನ್ನು ಮಡಚುವ ಮೊದಲು ಅದರ ಮೇಲೆ ಎದ್ದ ಎಳೆಗಳನ್ನೆಲ್ಲ ಸಣ್ಣ ಕತ್ತರಿಯಿಂದ ತೆಗೆಯುವುದು ಹೆಣ್ಣುಮಕ್ಕಳ ಕೆಲಸ. ಎದ್ದ ಎಳೆ ಕಂಡರೆ ನನ್ನಪ್ಪನಿಗೆ ಮೈ ಉರಿಯುತ್ತಿತ್ತು. ಅಂಗಡಿಯವನ ಮುಂದೆ ಮಾನ ಹೋಗುತ್ತದೆ ಎನ್ನುತ್ತಿದ್ದ. ಆರು ವರ್ಷದವಳಿದ್ದಾಗಿನಿಂದ ಆ ಕೆಲಸ ಮಾಡಿದ ನನ್ನ ಕೈ, ಎಳೆ ಕಂಡ ಕೂಡಲೇ ಕತ್ತರಿ ಹುಡುಕುತ್ತದೆ. ಹತ್ತು ದಿನದಲ್ಲಿ ನೂರಾರು ಜನರ ಎದುರು ಹೋಗುವ ಸೈಕಲ್ಲು, ಅದರ ಮೇಲೆ ಇಂಥ ಗೆಣಸಿನ ಬೇರು. ಬಸಣ್ಣನ ಹೆಂಡತಿ ನೇಕಾರರ ಮಗಳಂತೆ, ನೋಡಿ ಅವಳ ಕಸುಬು ಎಂದು ನಾಳೆ ಯಾರಾದರೂ ಅನ್ನಬಾರದಲ್ಲ. ತವರಿನಿಂದ ತಂದ ಕತ್ತರಿಯಿಂದ ಒಂದೊಂದೇ ಎಳೆಯನ್ನು ಬುಡಕ್ಕೆ ಕತ್ತರಿಸಿದೆ. ಉಕ್ಕಿನ ಎಳೆ, ಕತ್ತರಿಯ ಅಲಗು ಎರಡು ಕಡೆ ಮುಕ್ಕಾಗಿ ಹಲ್ಲು ಮೂಡಿತು. ಆಮೇಲೆ, ಮಗ್ಗದ ಹುರಿಗಳಿಗೆ ಅವ್ವ ಮಾಡುತ್ತಿದ್ದ ಹಾಗೆ, ಮೇಣದ ಬತ್ತಿಯ ತುಂಡು ತಂದು ಆ ಜಾಗಕ್ಕೆ ಸವರಿ ಸವರಿ ಬೆರಳಿನಿಂದ ತಿಕ್ಕಿದೆ. ವೈರು ರೇಷ್ಮೆಯ ಹಾಗೆ ನುಣ್ಣಗಾಯಿತು. ನನ್ನ ಕೆಲಸಕ್ಕೆ ನಾನೇ ಮೆಚ್ಚಿದೆ. ಇವರಿಗೆ ಹೇಳಲಿಲ್ಲ, ಮನೆಗೆಲಸವನ್ನೆಲ್ಲ ಯಾರು ಹೇಳಿಕೊಂಡು ತಿರುಗುತ್ತಾರೆ.

ಆ ಶನಿವಾರ ಇವರು ಸೈಕಲ್ಲನ್ನು ಚಾಚಾನ ಅಂಗಡಿಗೇ ಒಯ್ದು ಕಡೆಯ ತಪಾಸಣೆ ಮಾಡಿಸಿದರು. ಚಾಚಾನ ಹತ್ತಿರ ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಒಂದೇ ಒಂದು ವಿಲಾಯತಿ ವೈರು ಇತ್ತು, ಮೂರು ತಿಂಗಳಿಂದ ಬಸಣ್ಣನಿಗೆಂದೇ ಕಾಯ್ದಿರಿಸಿದ್ದು. ಪಂಚೆಯ ಚೂರು ಎಳೆದರು. ಬೆಣ್ಣೆಯ ಮೇಲೆ ಎಳೆದ ಹಾಗೆ ಜಾರಿತು. ಮುಸ್ಸಂಜೆಯ ಮಬ್ಬು ಬೆಳಕು. ಇನ್ನೊಮ್ಮೆ ಎಳೆದರು, ಜಾರಿತು. ಈ ವೈರು ಇನ್ನೂ ಮೂರು ತಿಂಗಳು ಬಾಳುತ್ತದೆ ಎಂದು ಇಬ್ಬರೂ ಒಪ್ಪಿದರು. ಅದೇ ಹೊತ್ತಿಗೆ ಮಾಹೀಮಿನಿಂದ ಇನ್ನೊಬ್ಬ ರೇಸಿನವನು ಓಡಿ ಬಂದ. ಅವನ ವೈರು ಅರ್ಧ ಹರಿದಿತ್ತು, ಎಲ್ಲೂ ಸಿಕ್ಕಿರಲಿಲ್ಲ. ಕೊಟ್ಟುಬಿಡು ಚಾಚಾ ಎಂದು ಇವರೇ ಹೇಳಿದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಇವರ ಮುಖದಲ್ಲಿ ದಾನ ಮಾಡಿದವರ ಸಮಾಧಾನವಿತ್ತು. ನನ್ನ ಗಂಡನ ಉದಾರ ಬುದ್ಧಿಗೆ ಹಿಗ್ಗಿ ನಾನು ಆ ದಿನ ಹೋಳಿಗೆ ಮಾಡಿದೆ.

ರೇಸಿನ ದಿನ ಚಾಚಾ ಮತ್ತು ನಾನು ಬೆಳಗಿನ ಲೋಕಲ್ ಹಿಡಿದು ಬಾಂದ್ರಾಕ್ಕೆ, ಅಲ್ಲಿಂದ ಬೋರಿವಲಿಗೆ ಹೋದೆವು. ಹೆಂಗಸರಿಗೆ ಅಲ್ಲೇನು ಕೆಲಸ ಎಂದು ಇವರು ಮೊದಲು ಮುಖ ಸಿಂಡರಿಸಿದ್ದರು. ರೊಟ್ಟಿ ಯಾರು ತರುತ್ತಾರೆ ಎಂದು ಕೇಳಿದ ಮೇಲೆ ಒಪ್ಪಿದರು. ಚಾಚಾನ ಹೆಗಲಿಗೆ ಹತ್ಯಾರಿನ ಚೀಲ, ನನ್ನ ಕೈಯಲ್ಲಿ ಬುತ್ತಿಯ ಚೀಲ. ಕಾಡಿನ ಗೇಟು ದಾಟಿ ಏರು ಶುರುವಾಗುವ ಜಾಗದಲ್ಲಿ ಒಂದು ಮರದ ಕೆಳಗೆ ನಿಂತೆವು. ರಿಪೇರಿಗೆ ನಿಲ್ಲಬಹುದು, ಆದರೆ ಸೈಕಲ್ಲು ಬದಲಿಸುವಂತಿಲ್ಲ ಎಂಬುದು ರೇಸಿನ ನಿಯಮ. ಮಂಜು ಇನ್ನೂ ಕರಗಿರಲಿಲ್ಲ. ಮಂಗಗಳು ನನ್ನ ಬುತ್ತಿಯ ಮೇಲೆ ಕಣ್ಣಿಟ್ಟಿದ್ದವು.

ಮೊದಲು ಇಬ್ಬರು ಬಂದರು, ಆಮೇಲೆ ಮಾಹೀಮಿನವನು, ಅವನ ಹಿಂದೆ ಒಬ್ಬೊಬ್ಬರಾಗಿ ಐದು ಜನ. ಒಂಬತ್ತನೆಯವರು ಇವರು. ದೂರದಿಂದಲೇ ಚಾಚಾನಿಗೆ ತಿಳಿಯಿತು; ಹಾಳಾತು ಎಂದು ಮೆಲ್ಲಗೆ ಅಂದರು. ಇವರು ಸೀಟು ಬಿಟ್ಟು ಪೆಡಲಿನ ಮೇಲೆ ಎದ್ದು ನಿಂತು, ಕಬ್ಬಿನ ಗಾಣಕ್ಕೆ ಹೂಡಿದ ಎತ್ತಿನಂತೆ ತಲೆ ತಗ್ಗಿಸಿ ಒಂದೊಂದೇ ಪೆಡಲು ತುಳಿಯುತ್ತಿದ್ದರು. ಜೋಗೇಶ್ವರಿ ದಾಟುವಾಗ ವೈರು ಕಡಿದಿತ್ತು. ವೈರು ಕಡಿದರೆ ಚೈನು ತಾನಾಗಿ ಎಲ್ಲಕ್ಕಿಂತ ಸಣ್ಣ ಚಕ್ರಕ್ಕೆ ಬೀಳುತ್ತದೆ. ಅದು ಎಲ್ಲಕ್ಕಿಂತ ಭಾರದ ಗೇರು. ಸಪಾಟು ರಸ್ತೆಯಲ್ಲಿ ಹೇಗೋ ಬಂದಿದ್ದಾರೆ, ಕಾನ್ಹೇರಿಯ ಏರಿನಲ್ಲಿ ಅದು ನಡೆಯುವ ಮಾತಲ್ಲ.

ಚಾಚಾ ಸೈಕಲ್ಲು ನಿಲ್ಲಿಸಿ ಹತ್ಯಾರಿನ ಚೀಲ ಬಿಚ್ಚಿದರು. ವೈರು ಹಿಡಿಕೆಯ ಹತ್ತಿರ ಹರಿದಿದ್ದರಿಂದ ಹಿಂದಿನ ಉದ್ದದ ತುಂಡು ಹಾಗೇ ಉಳಿದಿತ್ತು. ಅದನ್ನೇ ಜಗ್ಗಿ ಚೈನನ್ನು ದೊಡ್ಡ ಚಕ್ರಕ್ಕೆ ಏರಿಸಿ, ವೈರಿನ ತುದಿಯನ್ನು ಸೈಕಲ್ಲಿನ ಪೈಪಿಗೆ ಕಟ್ಟಿಬಿಟ್ಟರೆ ಒಂದೇ ಗೇರಾದರೂ ಹಗುರದ ಗೇರು ಸಿಗುತ್ತದೆ. ಇವರು ಸೀಟು ಹಿಡಿದು ಹಿಂದಿನ ಗಾಲಿ ಎತ್ತಿ ಪೆಡಲು ತಿರುಗಿಸಿದರು, ಚಾಚಾ ಪಕ್ಕಡಿನ ಬಾಯಲ್ಲಿ ವೈರು ಕಚ್ಚಿಸಿ ಜಗ್ಗಿ ಪೈಪಿಗೆ ಸುತ್ತಿದರು. ಬಿಟ್ಟ ಕೂಡಲೇ ಜಾರಿತು. ಮತ್ತೆ ಸುತ್ತಿದರು, ಮತ್ತೆ ಜಾರಿತು. ಹತ್ತನೆಯವನು ನಮ್ಮನ್ನು ದಾಟಿ ಹೋದ. ಯಾಕೆ ಹೀಗೆ ಜಾರುತ್ತದೆ ಎಂದು ಚಾಚಾ ವೈರಿನ ತುದಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದರು. ನಾನೂ ನೋಡಿದೆ. ಹರಿದ ತುದಿಯ ಮೇಲೆ ಬೆಳ್ಳಗೆ ಮೇಣ; ಕೆಲವು ಎಳೆಗಳು ಹರಿದದ್ದಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು. ಅದು ನನ್ನದೇ ಕೈಕೆಲಸ.

ಬುತ್ತಿಯ ಚೀಲದ ಲಾಡಿಯನ್ನು ಎಳೆದು ತೆಗೆದೆ. ದಪ್ಪ ನೂಲಿಗೆ ಸಣ್ಣ ನೂಲನ್ನು ಜಾರದಂತೆ ಕೂಡಿಸುವ ಗಂಟೊಂದು ಮಗ್ಗದವರಿಗೆ ಗೊತ್ತು. ಕಣ್ಣು ಮುಚ್ಚಿ ಕಟ್ಟಬಲ್ಲೆ. ವೈರಿನ ತುದಿಯನ್ನು ಮಡಿಸಿ ಲಾಡಿಗೆ ಆ ಗಂಟು ಹಾಕಿ, ಲಾಡಿಯನ್ನು ಪೈಪಿಗೆ ಬಿಗಿದು ಸುತ್ತಿ ಕಟ್ಟಿದೆ. ಚಾಚಾ ಪಕ್ಕಡು ಬಿಟ್ಟರು. ಚೈನು ದೊಡ್ಡ ಚಕ್ರದ ಮೇಲೆಯೇ ನಿಂತಿತು. ಇವರು ನನ್ನ ಮುಖ ಕೂಡ ನೋಡದೆ ಹತ್ತಿ ಹೊರಟರು. ರೊಟ್ಟಿಯ ಗಂಟು ಚೀಲದಿಂದ ಉರುಳಿ ಬಿತ್ತು, ಎರಡು ಮಂಗಗಳು ಅದನ್ನು ಹಂಚಿಕೊಂಡವು.

ಮೇಲೆ ಗುಹೆಗಳ ಹತ್ತಿರ ನಾವು ನಡೆದು ಹತ್ತಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇವರು ಕಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು ನಗುತ್ತಿದ್ದರು. ಐದನೆಯವರು. ದಮ್ಮು ಕಟ್ಟಿದ ಐದು ಜನರನ್ನು ಆ ಏರಿನಲ್ಲಿ ಹಿಂದೆ ಹಾಕಿದ್ದರು. ನಾನು ಹತ್ತಿರ ಹೋಗಿ ನಿಂತೆ, ಅಷ್ಟು ಜನರ ಎದುರು ಅದಕ್ಕಿಂತ ಹೆಚ್ಚಿನದು ಮಾಡುವ ಕಾಲ ಅದಾಗಿರಲಿಲ್ಲ. ಖುಷಿಗೆ ಕಣ್ಣು ತುಂಬಿತು, ಸುಳ್ಳೇಕೆ.

ಆಗ ಸಾಹೇಬರು ಬಂದರು. ಇವರ ಬೆನ್ನು ತಟ್ಟಿದರು, ಸೈಕಲ್ಲಿಗೆ ಕಟ್ಟಿದ ಲಾಡಿ ನೋಡಿದರು, ಮುಖ ಕೆಂಪಾಯಿತು. ಸವೆದ ವೈರಿನ ಸೈಕಲ್ಲನ್ನು ರೇಸಿಗೆ ಬಿಟ್ಟವರು ಯಾರು ಎಂದು ಮರಾಠಿಯಲ್ಲಿ ಗುಡುಗಿದರು. ಇದು ಹೀಗಾದರೆ ನಾಳೆ ಇಳಿಜಾರಿನಲ್ಲಿ ಬ್ರೇಕ್ ವೈರು ಕಡಿದು ಯಾರಾದರೂ ಸತ್ತಾರು. ಇನ್ನು ಟೀಮಿನ ಒಂದು ಸೈಕಲ್ಲೂ ಈ ಮನುಷ್ಯನ ಅಂಗಡಿಗೆ ಹೋಗಬಾರದು ಎಂದರು. ಹುಸೇನ್ ಚಾಚಾ ತಲೆ ತಗ್ಗಿಸಿ, "ಜೀ ಸಾಬ್, ಗಲತೀ ಮೇರೀ ಹೈ" ಎಂದು ತಪ್ಪನ್ನು ತಾವೇ ಹೊತ್ತುಕೊಂಡುಬಿಟ್ಟರು. ನಾನು ಅಲ್ಲೇ, ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದೆ, ಮುಚ್ಚಿದೆ. ಕಾಯಂ ಕಾಗದ ಇನ್ನೂ ಕೈಗೆ ಬಂದಿರಲಿಲ್ಲ. ಇದೇ ಸಾಹೇಬರು ಅದನ್ನು ಬರೆಸಬೇಕು. ಹೆಂಡತಿಯನ್ನು ಸೈಕಲ್ಲಿನಿಂದ ದೂರ ಇಡಲಾರದವನಿಗೆ ಮಷೀನು ಕೊಡಲೇ ಎಂದುಬಿಟ್ಟರೆ? ಬಾಯಿ ಮುಚ್ಚಿಕೊಂಡೇ ಇದ್ದೆ. ಬೋರಿವಲಿ ಸ್ಟೇಷನ್ನಿನಲ್ಲಿ ಚಾಚಾ ನಮಗೆ ಬಟಾಟೆ ವಡೆ ಕೊಡಿಸಿದರು, ಇವರ ಏರಿನ ವರ್ಣನೆಗೆ ವಾಹ್ ವಾಹ್ ಎಂದರು. ನನ್ನ ಪಾಲಿನ ವಡೆಯನ್ನು ಇವರ ಕೈಗೇ ಇಟ್ಟೆ.

ಮರುದಿನ ಊಟಕ್ಕೆ ಬಡಿಸುತ್ತ ಇವರಿಗೆ ಹೇಳಿದೆ. ಕತ್ತರಿಯನ್ನೂ ತಂದು ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಇವರು ಕತ್ತರಿಯ ಹಲ್ಲುಗಳನ್ನು ಎಣಿಸಿ, ಮೇಣವನ್ನೂ ಹಚ್ಚಿದಿಯಾ ಎಂದು ಕೇಳಿ, ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಹೆಗಲು ಅಲುಗುತ್ತಿತ್ತು, ನಗುತ್ತಿದ್ದರು. ನಗು ನಿಂತ ಮೇಲೆ ಅವರ ಮುಖದಲ್ಲಿಯೂ ನನ್ನ ಮುಖದಲ್ಲಿದ್ದ ಅಳುಕೇ ಬಂತು, ಬೈಸಿಕೊಂಡದ್ದು ಚಾಚಾ ಅಲ್ಲವೇ. "ಕಾಗದ ಕೈಗೆ ಬರ್ಲಿ ಗಂಗಾ. ಆಮ್ಯಾಲ ನಾನ ಸಾಹೇಬರಿಗೆ ಹೇಳ್ತೀನಿ" ಎಂದರು. ಕಾಗದ ಬರುವುದು ತಿಂಗಳ ಕೊನೆಗೆ, ಅದಕ್ಕೆ ಹತ್ತು ದಿನವಿತ್ತು. ಹತ್ತು ದಿನ ಏನು ಮಹಾ ಎಂದು ನಾನೂ ಹೂಂ ಎಂದೆ.

ಮೂರನೇ ದಿನ ಚಾಚಾನ ಅಂಗಡಿಯ ಮುಂದೆ ಟೆಂಪೊ ಬಂದು ನಿಂತಿತು. ನಾನು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ರಿಪೇರಿಗೆಂದು ಅಲ್ಲಿದ್ದ ಟೀಮಿನ ಸೈಕಲ್ಲುಗಳನ್ನು ಒಂದೊಂದಾಗಿ ಏರಿಸಿದರು. ಚಾಚಾ ಪ್ರತಿಯೊಂದಕ್ಕೂ ಕಡೆಯದಾಗಿ ಎಣ್ಣೆ ಬಿಟ್ಟು, ಒರೆಸಿ, ತಾವೇ ಎತ್ತಿ ಕೊಟ್ಟರು. ಟೆಂಪೊ ಹೋದ ಮೇಲೆ ಅಂಗಡಿಯ ಗೋಡೆಗೆ ಖಾಲಿ ಗೂಟಗಳು ಕಂಡವು. ಮೇಲೆ ತಲೆಯೆತ್ತಿ ನನ್ನನ್ನು ನೋಡಿ, "ಯವ್ವಾ, ಬಸಣ್ಣನ ಕಾಗದ ಬಂತೇನ?" ಎಂದು ಕೇಳಿದರು. ಇಲ್ಲ ಚಾಚಾ ಎಂದೆ. ಬರುತ್ತದೆ ಬಿಡು ಎಂದು ಒಳಗೆ ಹೋದರು. ಬಕೆಟ್ಟಿನ ಬಟ್ಟೆ ಅಲ್ಲೇ ಬಿಟ್ಟು ನಾನು ಸೀರೆ ಬದಲಿಸಿದೆ.

ಒಬ್ಬಳೇ ಲೋಕಲ್ ಹತ್ತಿದ್ದು ಅದೇ ಮೊದಲು. ಬಾಂದ್ರಾದಲ್ಲಿ ತಪ್ಪು ಪ್ಲಾಟ್‌ಫಾರ್ಮಿಗೆ ಹೋಗಿ ಅಲ್ಲಿನ ಮೀನುಗಾರ ಹೆಂಗಸೊಬ್ಬಳಿಂದ ಬೈಸಿಕೊಂಡೆ, ಆಮೇಲೆ ಅವಳೇ ಕೈ ಹಿಡಿದು ಬೋರಿವಲಿ ಗಾಡಿಗೆ ಹತ್ತಿಸಿದಳು. 'ಸಾಹೇಬ, ಗಲತೀ ಮೇರೀ, ಚಾಚಾ ಕೀ ನಹೀಂ' ಎಂಬುದನ್ನು ಕಾಂದಿವಲಿಯವರೆಗೆ ಬಾಯಿಪಾಠ ಮಾಡಿದೆ. ಕಾರ್ಖಾನೆಯ ಗೇಟಿನವನು ಬಿಡಲೊಪ್ಪಲಿಲ್ಲ; ಗೇಟಿನ ಪಕ್ಕ ಕಟ್ಟೆಯ ಮೇಲೆ ಕೂತೆ, ಊಟದ ಹೊತ್ತಿಗೆ ಅವನಿಗೇ ಬೇಸರವಾಗಿ ಒಳಗೆ ಕಳಿಸಿದ. ಸಾಹೇಬರ ಮುಂದೆ ನಿಂತ ಮೇಲೆ ಬಾಯಿಪಾಠವೆಲ್ಲ ಹಾರಿಹೋಯಿತು. ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಬೆರಳಲ್ಲಿ ಎಳೆ ತೋರಿಸಿದೆ, ಕತ್ತರಿಸಿ ತೋರಿಸಿದೆ, ಮೇಣ ಹಚ್ಚಿ ತೋರಿಸಿದೆ. ಅರ್ಧ ಹಿಂದಿ, ಅರ್ಧ ಮರಾಠಿ, ಸಿಕ್ಕಿಬಿದ್ದ ಕಡೆ ಶುದ್ಧ ಗುಳೇದಗುಡ್ಡದ ಕನ್ನಡ. ಸಾಹೇಬರಿಗೆ ಎಷ್ಟು ತಿಳಿಯಿತೋ, ಇವರನ್ನು ಮಷೀನಿನಿಂದ ಕರೆಸಿದರು. ಬಾಗಿಲಲ್ಲಿ ನನ್ನನ್ನು ಕಂಡು ಇವರು ಹಾಗೇ ನಿಂತುಬಿಟ್ಟರು. ಕಾಗದ ಹೋಯಿತು ಎಂದು ಆ ಮುಖದಲ್ಲಿ ಬರೆದಿತ್ತು. ಆದರೂ ನನ್ನ ಪಕ್ಕಕ್ಕೆ ಬಂದು ನಿಂತು, ನಾನು ಹೇಳಿದ್ದನ್ನೆಲ್ಲ ನೆಟ್ಟಗಿನ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದರು, ಒಂದಕ್ಷರ ಬಿಡಲಿಲ್ಲ. ಮೂರು ದಿನದಿಂದ ಇದು ತನಗೂ ಗೊತ್ತಿತ್ತು ಎಂಬುದನ್ನೂ ಸೇರಿಸಿದರು.

ಸಾಹೇಬರು ಮೇಜಿನ ಖಾನೆ ಎಳೆದು ಒಂದು ಲಕೋಟೆ ತೆಗೆದರು. ಕಾಗದ ಸೋಮವಾರವೇ ಟೈಪಾಗಿ ಬಂದಿದೆ, ಐದನೆಯ ನಂಬರಿಗೆ ಕೊಡುತ್ತೇನೆಂದು ಹೇಳಿದ್ದು, ಹೆಂಡತಿಯ ಕತ್ತರಿ ನೋಡಿ ಕೊಡುತ್ತೇನೆಂದು ಹೇಳಿರಲಿಲ್ಲವಲ್ಲ ಎಂದರು. ನಗುತ್ತಿರಲಿಲ್ಲ. ಚಾಚಾನ ವಿಷಯ ತೆಗೆದಾಗ ಇನ್ನೊಂದು ಅಂಗಡಿಯವನಿಗೆ ಮಾತು ಕೊಟ್ಟಾಗಿದೆ, ನೋಡೋಣ ಎಂದಷ್ಟೇ ಹೇಳಿ ಕೈ ಬೀಸಿ ಕಳಿಸಿದರು. ಹೊರಗೆ ಬಂದು ಇವರು ಲಕೋಟೆಯನ್ನು ನನ್ನ ಕೈಗೆ ಕೊಟ್ಟು, ಕೆಲಸ ಬಿಡುವವರೆಗೆ ಕಟ್ಟೆಯ ಮೇಲೆ ಕೂತಿರು, ಒಟ್ಟಿಗೆ ಹೋಗೋಣ ಎಂದರು. ಆ ಕಟ್ಟೆಯ ಮೇಲೆ ಕೂತು ನಾನು ಓದಲು ಬಾರದ ಇಂಗ್ಲಿಷ್ ಕಾಗದವನ್ನು ನಾಲ್ಕು ತಾಸು ಓದಿದೆ.

ಎಂಟು ದಿನದ ಮೇಲೆ ಟೆಂಪೊ ಮತ್ತೆ ಬಂತು, ಎಂಟೂ ಸೈಕಲ್ಲು ಇಳಿಸಿ ಹೋಯಿತು. ನಾನು ಸಾಹೇಬರಲ್ಲಿಗೆ ಹೋದದ್ದನ್ನು ಡ್ರೈವರ್ ಹೇಳಿದನೋ ಏನೋ, ಚಾಚಾ ನೆಟ್ಟಗೆ ಚಾಳಿನ ಕೆಳಗೆ ಬಂದು ನನ್ನನ್ನು ಕೂಗಿದರು. ಅವರನ್ನು ಅಷ್ಟು ಸಿಟ್ಟಿನಲ್ಲಿ ನಾನು ಎಂದೂ ಕಂಡಿರಲಿಲ್ಲ. ರಸ್ತೆಯಲ್ಲೇ ನಿಲ್ಲಿಸಿಕೊಂಡು ಬೈದರು. ಮೇಣ ತಾವು ಕಾಡಿನಲ್ಲೇ ನೋಡಿದ್ದರಂತೆ, ಮೇಣ ಹಚ್ಚಿದ ವೈರು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲವಂತೆ, ಯಾರ ಕೆಲಸವೆಂದು ಗಂಟು ಕಟ್ಟಿದ ಬೆರಳು ನೋಡಿಯೇ ತಿಳಿದಿತ್ತಂತೆ. ತಾವು ಬಾಯಿ ಮುಚ್ಚಿಕೊಂಡದ್ದು ಯಾಕೆ, ನಾನು ಹೋಗಿ ಬಾಯಿ ಬಿಟ್ಟದ್ದು ಯಾಕೆ, ಬಸಣ್ಣನ ಕಾಗದ ಹೋಗಿದ್ದರೆ ನಾನು ಗುಳೇದಗುಡ್ಡದಲ್ಲಿ ಕೂತು ಏನು ಮಾಡುತ್ತಿದ್ದೆ. ಚಾಳಿನ ಹೆಂಗಸರೆಲ್ಲ ಗ್ಯಾಲರಿಗೆ ಬಂದರು. ನನಗೆ ಅಳು ಬಂತು, ಅದರ ನಡುವೆ ನಗುವೂ ಬಂತು; ಅಪ್ಪನ ಮನೆ ಬಿಟ್ಟ ಮೇಲೆ ಅಷ್ಟು ಅಂತಃಕರಣದಿಂದ ನನ್ನನ್ನು ಯಾರೂ ಬೈದಿರಲಿಲ್ಲ. ದಮ್ಮು ಹತ್ತಿದ ಮೇಲೆ ಚಾಚಾ ದನಿ ಇಳಿಸಿದರು.

"ವೈರಿಗೆ ನಾಲಿಗಿ ಇಲ್ಲ ಯವ್ವಾ. ಹರಿಯೂ ಮೊದಲ ಎಳಿ ಎಬ್ಬಿಸಿ ಚುಚ್ಚತೈತಿ. ಅದ ಅದರ ಮಾತು. ನೀ ಅದರ ಬಾಯಿ ಮುಚ್ಚಿದಿ."

"ಇನ್ನ ಮುಚ್ಚೂದಿಲ್ಲ ಚಾಚಾ" ಎಂದೆ.

ಅಂಗಡಿಗೆ ಕರೆದೊಯ್ದು ಸ್ಟೂಲು ಸರಿಸಿ ಕೂರಿಸಿದರು. ಆ ಎಂಟು ದಿನ ಚಾಚಾ ಸುಮ್ಮನೆ ಕೂತಿರಲಿಲ್ಲ. ಸ್ಕೂಟರಿನ ಎಕ್ಸಲೇಟರ್ ವೈರಿನ ತುದಿಯ ಗುಂಡನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಸಣ್ಣದು ಮಾಡಿ, ಅದು ಗೇರಿನ ಹಿಡಿಕೆಯಲ್ಲಿ ಕೂಡುವಂತೆ ಮಾಡಿದ್ದರು. ಒಂದೊಂದಕ್ಕೆ ಅರ್ಧ ದಿನದ ಕೆಲಸ, ಎರಡು ತಯಾರಿದ್ದವು. ಎಂಟು ಸೈಕಲ್ಲುಗಳಲ್ಲಿ ಯಾವ ಎರಡಕ್ಕೆ ಹಾಕಬೇಕು ಎಂಬುದನ್ನು ಹೇಳು ಎಂದರು. ತಮಾಷೆ ಎಂದುಕೊಂಡು ಮುಖ ನೋಡಿದೆ, ತಮಾಷೆಯಾಗಿರಲಿಲ್ಲ. ನಾನು ಎದ್ದು ಒಂದೊಂದು ಸೈಕಲ್ಲಿನ ವೈರಿನ ಮೇಲೆ ಬರಿ ಬೆರಳು ಆಡಿಸುತ್ತ ಹೋದೆ. ನಾಲ್ಕನೆಯದರಲ್ಲಿ, ಪೆಡಲಿನ ಕೆಳಗೆ ವೈರು ತಿರುಗುವ ಕಡೆ, ಏನೋ ತಗುಲಿದ ಹಾಗಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಇನ್ನೊಮ್ಮೆ ಆಡಿಸಿದೆ. ಒಂದೇ ಒಂದು ಎಳೆ, ಸುರುಳಿಯ ಒಳಗಿನಿಂದ ಆಗಷ್ಟೇ ಏಳತೊಡಗಿದ್ದು.

"ಇದು ಚಾಚಾ" ಎಂದೆ.

ಚಾಚಾ ಬಗ್ಗಿ ನೋಡಲಿಲ್ಲ, ಬೆರಳಿಟ್ಟೂ ನೋಡಲಿಲ್ಲ. ಪಕ್ಕಡು ತೆಗೆದುಕೊಂಡು ಆ ವೈರನ್ನು ಕಟಕ್ಕನೆ ಕತ್ತರಿಸಿದರು.